ಪುರವೃಕ್ಷಗಳ ಸ್ವಾಮಿತ್ವವೂ ಸಂರಕ್ಷಣವೂ

೧

ಪುರದಲ್ಲಿರುವ ವೃಕ್ಷಗಳು ಎರಡು ಬಗೆ. ಮನೆಯ ಹಿತ್ತಿಲಲ್ಲಿಯೋ ತೋಟದಲ್ಲಿಯೋ ಬೆಳೆದು ಒಬ್ಬನ ಸ್ವತ್ತಾಗಿರುವುವು ಒಂದು ಬಗೆ. ಬೀದಿಯ ಅಂಚಿನಲ್ಲಿ, ಕೆರೆಯ ಏರಿಯ ಮೇಲೆ, ದೇವಾಲಯದ ಮುಂದೆ, ಊರ ಬಾಗಿಲ ಕಟ್ಟೆಯಲ್ಲಿ ನಿಂತು ದಾರಿಹೋಕರೆಲ್ಲರಿಗೂ ನೆರಳನ್ನು ಕೊಡುವುವು ಮತ್ತೊಂದು ಬಗೆ. ಮೊದಲನೆಯ ಬಗೆಯ ಮರಕ್ಕೆ ಹಾನಿಯಾದರೆ ವ್ಯವಹಾರಕ್ಕೆ ನಿಲ್ಲಲು ಒಡೆಯನಿದ್ದಾನೆ. ಎರಡನೆಯ ಬಗೆಯ ಮರಕ್ಕೆ ಹಾನಿಯಾದಾಗ ಊರೆಲ್ಲವೂ ನಷ್ಟವನ್ನು ಅನುಭವಿಸುತ್ತದೆ. ಆದರೆ ವಾದಿಯಾಗಿ ಮುಂದೆ ಬರತಕ್ಕವನು ಯಾರೆಂಬುದು ಸ್ಪಷ್ಟವಾಗುವುದಿಲ್ಲ. ಎಲ್ಲರದೂ ಆದ ವಸ್ತುವು ಯಾರದೂ ಅಲ್ಲದ ವಸ್ತುವಾಗಿ ಪರಿಣಮಿಸುವ ಭಯವು ಇಲ್ಲಿಯೇ ಇರುವುದು.

ಈ ಪ್ರಶ್ನೆಯನ್ನು ಧರ್ಮಶಾಸ್ತ್ರಕಾರರೂ ಅರ್ಥಶಾಸ್ತ್ರಕಾರರೂ ಎದುರಿಸಿದರು. ಕನ್ನಡನಾಡಿನ ಶಾಸನಗಳೂ ಊರ ಕಟ್ಟೆಗಳೂ ತಮ್ಮ ರೀತಿಯಲ್ಲಿ ಅದಕ್ಕೆ ಉತ್ತರವನ್ನು ಕೊಟ್ಟವು. ಇಪ್ಪತ್ತನೆಯ ಶತಮಾನದಲ್ಲಿ ಮೈಸೂರು ನಗರವು ಅದೇ ಪ್ರಶ್ನೆಯನ್ನು ಹೊಸ ರೂಪದಲ್ಲಿ ಕಂಡಿತು. ಈ ಪರಂಪರೆಯನ್ನು ಕ್ರಮವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶವಾಗಿದೆ.

೨

ಶ್ರೌತಯಾಗಾದಿಗಳು ಇಷ್ಟವೆಂದೂ, ಬಾವಿ ಕೆರೆ ದೇವಾಲಯ ಅನ್ನದಾನ ಆರಾಮ ಇವು ಪೂರ್ತವೆಂದೂ ಸ್ಮೃತಿಗಳಲ್ಲಿ ವಿಭಾಗವು ಪ್ರಸಿದ್ಧವಾಗಿದೆ. ಆರಾಮವೆಂದರೆ ನೆಟ್ಟು ಬೆಳಸಿದ ಮರಗಳ ತೋಪು. ಹೀಗೆ ಮರವನ್ನು ನೆಡುವುದು ಕೆರೆಯನ್ನು ಕಟ್ಟಿಸುವುದರೊಡನೆ ಒಂದೇ ಪಂಕ್ತಿಯಲ್ಲಿ ಸೇರಿತು. ಮತ್ಸ್ಯಪುರಾಣದ ಐವತ್ತೊಂಬತ್ತನೆಯ ಅಧ್ಯಾಯದಲ್ಲಿ ವೃಕ್ಷೋತ್ಸವದ ವಿಧಿಯು ಹೇಳಲ್ಪಟ್ಟಿದೆ. ಅಲ್ಲಿ ಬೆಳಸಿದ ಮರಗಳಿಗೆ ಔಷಧಿಜಲದಿಂದ ಪ್ರೋಕ್ಷಣೆ, ವಸ್ತ್ರಮಾಲ್ಯಗಳಿಂದ ಅಲಂಕಾರ, ಚಿನ್ನದ ಸೂಜಿಯಿಂದ ಕರ್ಣವೇಧ ಇವು ವಿಹಿತವಾಗಿವೆ. ಮಕ್ಕಳಿಗೆ ಮಾಡತಕ್ಕ ಸಂಸ್ಕಾರವನ್ನು ಮರಕ್ಕೂ ಮಾಡಿ ಅದನ್ನು ಕುಟುಂಬದ ಒಂದು ವ್ಯಕ್ತಿಯಂತೆ ಭಾವಿಸಿದುದು ಇದರಿಂದ ವಿದಿತವಾಗುತ್ತದೆ.

ಆದರೆ ಈ ವಿಧಿಗಳಲ್ಲಿ ವ್ಯವಹಾರದೃಷ್ಟಿಯಿಂದ ಮುಖ್ಯವಾದುದು ಉತ್ಸರ್ಗ. ದಾನವೆಂಬುದರಲ್ಲಿ ಕೊಡುವವನೊಬ್ಬ, ಸ್ವೀಕರಿಸುವವನೊಬ್ಬ. ಒಬ್ಬನ ಸ್ವತ್ವವು ನಿವೃತ್ತಿಯಾಗಿ ಮತ್ತೊಬ್ಬನ ಸ್ವತ್ವವು ಹುಟ್ಟುತ್ತದೆ. ಉತ್ಸರ್ಗದಲ್ಲಿಯಾದರೋ ಕಟ್ಟಿಸಿದವನು ಅಥವಾ ನೆಟ್ಟವನು ತನ್ನ ಸ್ವತ್ವವನ್ನು ಸಕಲಪ್ರಾಣಿಗಳ ಉಪಯೋಗಕ್ಕಾಗಿ ಬಿಟ್ಟುಕೊಡುತ್ತಾನೆ. ಸ್ವೀಕರಿಸುವ ಗೊತ್ತಾದ ವ್ಯಕ್ತಿಯು ಯಾರೂ ಇಲ್ಲ. ಉತ್ಸರ್ಗವಾದ ಮೇಲೆ ಕರ್ತೃವೂ ಆ ನೀರನ್ನು ಕುಡಿಯಬಹುದು, ಆ ನೆರಳಿನಲ್ಲಿ ಕುಳಿತುಕೊಳ್ಳಬಹುದು. ಆದರೆ ಒಡೆಯನಾಗಿ ಅಲ್ಲ, ಪ್ರಾಣಿಗಳಲ್ಲಿ ಒಂದು ಪ್ರಾಣಿಯಾಗಿ. ಸಾರ್ವಜನಿಕವೃಕ್ಷವೆಂದು ಈಗ ಕರೆಯುವುದರ ಲಕ್ಷಣವನ್ನು ಇದಕ್ಕಿಂತ ನಿಷ್ಕೃಷ್ಟವಾಗಿ ಹೇಳುವುದು ಕಷ್ಟ. ಸ್ವಾಮ್ಯವಿಲ್ಲದ ಉಪಭೋಗವೇ ಅದರ ಲಕ್ಷಣ.

ಉತ್ಸರ್ಗದ ಮಹತ್ತ್ವವೂ ಅದರ ದೌರ್ಬಲ್ಯವೂ ಒಂದೇ ಕಡೆ ಇರುವುವು. ಒಡೆಯನು ಇಲ್ಲದಿರುವುದರಿಂದ ಯಾರನ್ನೂ ನೆರಳಿನಿಂದ ಎಬ್ಬಿಸುವ ಅಧಿಕಾರ ಯಾರಿಗೂ ಇಲ್ಲ. ಅದೇ ಕಾರಣದಿಂದ ಕೊಡಲಿಯನ್ನು ತಡೆಯುವ ಹೊಣೆಯೂ ಯಾರ ಮೇಲೂ ವಿಶೇಷವಾಗಿ ಬೀಳುವುದಿಲ್ಲ. ಪುಣ್ಯದ ಆಸೆಯು ಮರವನ್ನು ನೆಡಿಸಬಲ್ಲುದು; ನೆಟ್ಟವನು ಗತಿಸಿದ ಮೇಲೆ ಅದನ್ನು ಕಾಯಲು ಬೇರೆ ಶಕ್ತಿಯೊಂದು ಬೇಕು. ಆ ಶಕ್ತಿಯು ದಂಡ.

೩

ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ, ದಂಡಪಾರುಷ್ಯದ ಪ್ರಕರಣದಲ್ಲಿಯೇ, ಪುರದ ಉಪವನಗಳ ಮರಗಳ ವಿಷಯವು ಬರುತ್ತದೆ. ದಂಡಪಾರುಷ್ಯವೆಂದರೆ ಹೊಡೆತ ಬಡಿತಗಳ ಅಪರಾಧ. ಮನುಷ್ಯರಿಗೂ ಪಶುಗಳಿಗೂ ಮಾಡಿದ ಆಘಾತವನ್ನು ವಿಚಾರಿಸಿದ ಕೂಡಲೆ ಮರಗಳಿಗೆ ಮಾಡಿದ ಆಘಾತವನ್ನು ವಿಚಾರಿಸಿರುವುದು ಗಮನಾರ್ಹವಾಗಿದೆ. ಹೂವು, ಹಣ್ಣು, ನೆರಳು ಇವುಗಳನ್ನು ಕೊಡುವ ಪುರವೃಕ್ಷದ ಚಿಗುರನ್ನು ಕಡಿದರೆ ೬ ಪಣ, ಸಣ್ಣ ಕೊಂಬೆಯನ್ನು ಕಡಿದರೆ ೧೨ ಪಣ, ದಪ್ಪ ಕೊಂಬೆಯನ್ನು ಕಡಿದರೆ ೨೪ ಪಣ, ಕಾಂಡವನ್ನು ಕಡಿದರೆ ಪೂರ್ವಸಾಹಸದಂಡ, ಬುಡಸಹಿತ ಕಿತ್ತರೆ ಮಧ್ಯಮಸಾಹಸದಂಡ ಎಂದು ಅಲ್ಲಿ ವ್ಯವಸ್ಥೆಯಿದೆ. ಅದೇ ಗ್ರಂಥದ ಗಣನೆಯಲ್ಲಿ ಪೂರ್ವಸಾಹಸವೆಂದರೆ ೪೮ರಿಂದ ೯೬ ಪಣ, ಮಧ್ಯಮಸಾಹಸವೆಂದರೆ ೨೦೦ರಿಂದ ೫೦೦ ಪಣ. ಪೊದೆ ಬಳ್ಳಿಗಳಿಗೆ ಇದರ ಅರ್ಧ. ಎಲ್ಲೆಯ ಮರ, ಚೈತ್ಯವೃಕ್ಷ, ಗುರುತಾದ ಮರ, ರಾಜವನದ ಮರ ಇವುಗಳಿಗೆ ಇದರ ಎರಡರಷ್ಟು.

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿಯೂ ಇಂಥದೇ ಸೋಪಾನಕ್ರಮವಿದೆ. ಕೊಂಬೆಗೆ ೨೦, ಕಾಂಡಕ್ಕೆ ೪೦, ಇಡಿಯ ಮರಕ್ಕೆ ೮೦ ಪಣಗಳು. ಚೈತ್ಯ, ಶ್ಮಶಾನ, ಎಲ್ಲೆ, ಪುಣ್ಯಸ್ಥಾನ, ದೇವಾಲಯ ಇವುಗಳಲ್ಲಿ ಹುಟ್ಟಿದ ಮರಗಳಿಗೂ ವಿಶ್ರುತವೃಕ್ಷಕ್ಕೂ, ಎಂದರೆ ಜನರಲ್ಲಿ ಹೆಸರಾದ ಮರಕ್ಕೂ, ಎರಡರಷ್ಟು. ಮನುಸ್ಮೃತಿಯ ಎಂಟನೆಯ ಅಧ್ಯಾಯವು ಅಂಕಿಗಳನ್ನು ಹೇಳದೆ, ಮರದ ಉಪಭೋಗವು ಹೇಗೋ ಅದನ್ನು ಹಿಂಸಿಸಿದವನ ದಂಡವೂ ಹಾಗೆ ಎಂಬ ಸಾಮಾನ್ಯನಿಯಮವನ್ನು ಕೊಡುತ್ತದೆ.

ಇವುಗಳಿಂದ ಮೂರು ಅಂಶಗಳು ಹೊರಪಡುತ್ತವೆ. ಒಂದನೆಯದು, ಹಾನಿಯ ಗಣನೆಯು ಒಂದೊಂದು ಮರಕ್ಕೂ, ಮರದ ಒಂದೊಂದು ಅಂಗಕ್ಕೂ ಪ್ರತ್ಯೇಕವಾಗಿದೆ. ಇಷ್ಟು ಮರಗಳಾದ ಮೇಲೆ ಅಪರಾಧವು ಗುರುತರವಾಗುವುದೆಂಬ ಸಂಖ್ಯಾನಿಯಮವು ಇಲ್ಲಿ ಇಲ್ಲ. ಎರಡನೆಯದು, ಮರದ ಗೌರವವು ಅದರ ಜಾತಿಗಿಂತ ಹೆಚ್ಚಾಗಿ ಅದು ನಿಂತ ಸ್ಥಳವನ್ನೂ ಜನರಿಗೆ ಅದರೊಡನೆ ಇರುವ ಸಂಬಂಧವನ್ನೂ ಅನುಸರಿಸುತ್ತದೆ. ಮೂರನೆಯದು, ಹೂವು ಹಣ್ಣುಗಳಂತೆಯೇ ನೆರಳೂ ಒಂದು ಫಲವೆಂದು ಪರಿಗಣಿತವಾಗಿದೆ. ಮಾರುಕಟ್ಟೆಯಲ್ಲಿ ಮಾರಲಾಗದ ಪ್ರಯೋಜನವನ್ನೂ ನ್ಯಾಯಸ್ಥಾನವು ಎಣಿಸತಕ್ಕದ್ದೆಂಬುದು ಇದರ ತಾತ್ಪರ್ಯ.

ವಿಷ್ಣುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಇನ್ನೊಂದು ಅಂಶವು ಅಧಿಕವಾಗಿದೆ. ಹಣ್ಣಿನ ಮರವನ್ನು ಕಡಿದವನಿಗೆ ಉತ್ತಮಸಾಹಸ, ಹೂವಿನ ಮರವನ್ನು ಕಡಿದವನಿಗೆ ಮಧ್ಯಮಸಾಹಸ ಎಂದು ಮೊದಲುಮಾಡಿ, ಇವರೆಲ್ಲರೂ ರಾಜನಿಗೆ ದಂಡವನ್ನು ತೆರುವುದಲ್ಲದೆ ಮರದ ಒಡೆಯನಿಗೆ ಅದರ ಉತ್ಪತ್ತಿಯನ್ನೂ ಕೊಡಬೇಕೆಂದು ಅಲ್ಲಿ ಹೇಳಿದೆ. ಇದು ನ್ಯಾಯವಾದುದೇ. ಆದರೆ ಉತ್ಸರ್ಗವಾದ ಮರಕ್ಕೆ ಒಡೆಯನಿಲ್ಲ; ಆದುದರಿಂದ ಉತ್ಪತ್ತಿಯನ್ನು ಪಡೆಯತಕ್ಕವನೂ ಇಲ್ಲ. ಕಡಿದವನು ರಾಜನಿಗೆ ದಂಡವನ್ನು ಕೊಟ್ಟು ಮುಕ್ತನಾಗುತ್ತಾನೆ. ನೆರಳನ್ನು ಕಳೆದುಕೊಂಡ ಊರಿಗೆ ಬರುವುದು ಏನೂ ಇಲ್ಲ. ಸಾಧಾರಣವೃಕ್ಷದ ವಿಷಯದಲ್ಲಿ ಪ್ರಾಚೀನ ವ್ಯವಸ್ಥೆಯು ಅಪೂರ್ಣವಾಗಿ ಉಳಿದುದು ಇಲ್ಲಿಯೇ ಎಂದು ಹೇಳಬಹುದು.

ಪೂರ್ವಕಾಲದಲ್ಲಿ ಜನರು ಮರಗಳನ್ನು ದೇವತೆಗಳೆಂದು ಪೂಜಿಸುತ್ತಿದ್ದುದರಿಂದ ಅವುಗಳಿಗೆ ಹಾನಿಯೇ ಇರಲಿಲ್ಲವೆಂದು ಕೆಲವರು ಬರೆಯುವುದುಂಟು. ಪ್ರಾಪ್ತಿಯಿದ್ದ ಕಡೆಯಲ್ಲಿಯೇ ನಿಷೇಧವೆಂಬುದು ಮೀಮಾಂಸಕರ ಮರ್ಯಾದೆ. ಚೈತ್ಯವೃಕ್ಷಕ್ಕೂ ದೇವಾಲಯದ ಮರಕ್ಕೂ ಎರಡರಷ್ಟು ದಂಡವನ್ನು ವಿಧಿಸಬೇಕಾಯಿತೆಂದರೆ ಅವುಗಳಿಗೂ ಕೊಡಲಿಯ ಭಯವಿದ್ದಿತೆಂದೇ ಅರ್ಥ. ಭಕ್ತಿಯೊಂದೇ ಸಾಕೆಂದು ಶಾಸ್ತ್ರಕಾರರು ನಂಬಿದವರಲ್ಲ.

೪

ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಶ್ರಯದಲ್ಲಿದ್ದವನು. ಮರಗಳ ದಂಡವನ್ನು ಹೇಳುವ ಶ್ಲೋಕಗಳನ್ನು ವ್ಯಾಖ್ಯಾನಿಸುವಾಗ ಅವನು, ಕೊಂಬೆಯನ್ನು ನೆಟ್ಟರೆ ಮತ್ತೆ ಚಿಗುರುವ ಆಲ ಮೊದಲಾದುವನ್ನೂ ಜನರ ಜೀವನಕ್ಕೆ ಆಧಾರವಾದ ಮಾವು ಮೊದಲಾದುವನ್ನೂ ಉದಾಹರಿಸುತ್ತಾನೆ. ಚಾಳುಕ್ಯರ ಕಾಲದಲ್ಲಿಯೇ, ಸುಮಾರು ೧೦೨೫ರಲ್ಲಿ, ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೆ ಪ್ರತ್ಯೇಕವಾದ ಅಧ್ಯಾಯವಿದೆ. ಮರವನ್ನು ಕಾಯುವ ವ್ಯವಹಾರವೂ ಅದನ್ನು ಬೆಳಸುವ ವಿದ್ಯೆಯೂ ಒಂದೇ ಶತಮಾನದಲ್ಲಿ, ಒಂದೇ ವಂಶದ ಆಳಿಕೆಯಲ್ಲಿ ಗ್ರಂಥಸ್ಥವಾದುವು.

ಶಾಸನಗಳ ಶಾಪಾಶಯಗಳಲ್ಲಿ ಬಾರಣಾಸಿ, ಕವಿಲೆ, ಪಾರ್ವರು ಇವುಗಳ ಜೊತೆಯಲ್ಲಿ ಕೆರೆಯೂ ಆರವೆಯೂ ಬರುವುದು ಶಾಸನಾಭ್ಯಾಸಿಗಳಿಗೆ ತಿಳಿದ ವಿಷಯ. ಆರವೆಯೆಂಬುದು ಆರಾಮಶಬ್ದದ ತದ್ಭವ. ದತ್ತಿಯನ್ನು ಅಳಿದವನಿಗೆ ಕೆರೆಯನ್ನೂ ಆರವೆಯನ್ನೂ ಅಳಿದ ಪಾತಕವು ಬರಲೆಂದು ಹೇಳಬೇಕಾದರೆ, ಕೇಳುವವರಿಗೆ ಆ ಪಾತಕದ ಘೋರತೆಯು ಮೊದಲೇ ಮನವರಿಕೆಯಾಗಿರಬೇಕು. ಶಾಪವು ಉಪಮಾನವನ್ನು ಲೋಕಪ್ರಸಿದ್ಧವಾದ ವಸ್ತುವಿನಿಂದಲೇ ತೆಗೆದುಕೊಳ್ಳುತ್ತದೆ. ಆರವೆಗೆ ಈಗ ಊರಿನವರು ಗುಂಡುತೋಪು ಎನ್ನುತ್ತಾರೆ. ದೇವನಹಳ್ಳಿಯ ಬಳಿ ನಲ್ಲೂರಿನ ಹಳೆಯ ಹುಣಿಸೆಯ ತೋಪು ಅಂಥ ಆರವೆಗಳಲ್ಲಿ ಉಳಿದುಬಂದುದು. ೨೦೦೨ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಭಾರತದ ಮೊದಲನೆಯ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಅದನ್ನೇ ೨೦೦೭ರಲ್ಲಿ ಘೋಷಿಸಲಾಯಿತು.

ತೋಪು ಊರ ಹೊರಗಿನದು. ಊರ ಒಳಗಿನದು ಅರಳಿಕಟ್ಟೆ. ಅರಳಿಯನ್ನೂ ಬೇವನ್ನೂ ಜೊತೆಯಾಗಿ ನೆಟ್ಟು, ಅರಳಿಗೆ ಉಪನಯನವನ್ನೂ ಎರಡಕ್ಕೂ ವಿವಾಹವನ್ನೂ ಮಾಡಿ, ಬುಡದಲ್ಲಿ ನಾಗರಕಲ್ಲುಗಳನ್ನು ನಿಲ್ಲಿಸಿ, ಸುತ್ತಲೂ ಕಲ್ಲಿನ ಕಟ್ಟೆಯನ್ನು ಕಟ್ಟುವುದು ಕನ್ನಡನಾಡಿನಲ್ಲೆಲ್ಲಾ ಕಾಣುವ ಆಚಾರ. ಉತ್ಸರ್ಗದಿಂದ ಒಡೆಯನನ್ನು ಕಳೆದುಕೊಂಡ ಮರಕ್ಕೆ ಕಟ್ಟೆಯು ಒಂದು ಪರಿವಾರವನ್ನು ಒದಗಿಸಿತು. ನ್ಯಾಯಪಂಚಾಯಿತಿಯು ಅಲ್ಲಿಯೇ ಸೇರುತ್ತಿದ್ದುದರಿಂದ ಆ ಮರವನ್ನು ಮುಟ್ಟುವವನು ಊರ ಹಿರಿಯರ ಕಣ್ಣಿನ ಮುಂದೆಯೇ ಮುಟ್ಟಬೇಕಾಗಿತ್ತು. ಕಟ್ಟೆಯ ಕಲ್ಲು ಗಾಡಿಯ ಚಕ್ರವನ್ನು ದೂರವಿರಿಸಿ ಬೇರಿನ ಮೇಲಣ ಮಣ್ಣನ್ನು ಸಡಿಲವಾಗಿ ಉಳಿಸಿತು. ಈ ರಕ್ಷೆಯು ಎಲ್ಲ ಮರಗಳಿಗೂ ದೊರೆಯಲಿಲ್ಲವೆಂಬುದನ್ನೂ ಹೇಳಬೇಕು. ಅರಳಿ, ಬೇವು, ಬನ್ನಿ, ಬಿಲ್ವ, ಅತ್ತಿ ಇವುಗಳಿಗೆ ಪೂಜೆಯ ಕವಚವಿದ್ದಿತು. ದೆವ್ವದ ಮನೆಯೆಂದು ಹೆಸರಾದ ಹುಣಿಸೆಗೆ ಅಂಜಿಕೆಯಿದ್ದಿತೇ ಹೊರತು ಪೂಜೆಯಿರಲಿಲ್ಲ. ದಾರಿಯ ಬದಿಯ ಹೊಂಗೆಗೆ ಎರಡೂ ಇರಲಿಲ್ಲ.

ರಾಜನು ಮರವನ್ನು ತಾನೇ ಸ್ವೀಕರಿಸಿ ಕಾಯುವುದು ಮತ್ತೊಂದು ಉಪಾಯ. ಮೈಸೂರು ಸೀಮೆಯಲ್ಲಿ ಟಿಪ್ಪು ಸುಲ್ತಾನನು ೧೭೯೨ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಘೋಷಿಸಿದನು. ಮುಂದಿನ ಸರ್ಕಾರಗಳೂ ಆ ಏಕಸ್ವಾಮ್ಯವನ್ನು ಮುಂದುವರಿಸಿದುವು. ತನ್ನ ನೆಲದಲ್ಲಿ ಹುಟ್ಟಿದ ಗಂಧದ ಸಸಿಯು ತನ್ನದಲ್ಲವೆಂದು ತಿಳಿದ ರೈತನಿಗೆ ಅದನ್ನು ಬೆಳಸಲು ಉತ್ಸಾಹವುಂಟಾಗಲು ಕಾರಣವಿರಲಿಲ್ಲ. ೨೦೦೧ರಲ್ಲಿ ಕರ್ನಾಟಕದ ಅರಣ್ಯ ಕಾಯಿದೆಯನ್ನು ತಿದ್ದಿ, ನೆಲದ ಒಡೆಯನಿಗೇ ಗಂಧದ ಮರದ ಸ್ವಾಮ್ಯವನ್ನು ಕೊಡಬೇಕಾಯಿತು. ಜನರ ಕೈಯಿಂದ ಮರವನ್ನು ಪೂರ್ತಿಯಾಗಿ ತೆಗೆದುಕೊಂಡು ಕಾಯುವುದರಲ್ಲಿ ಇರುವ ದೋಷವನ್ನು ಇದು ತೋರಿಸುತ್ತದೆ.

೫

೧೯೦೧ರ ಜನಗಣತಿಯಲ್ಲಿ ಮೈಸೂರು ನಗರದ ಜನಸಂಖ್ಯೆಯು ೬೮,೧೧೧. ಅರಮನೆಯ ಪಟ್ಟಣವಾದರೂ ಅದು ಆಗ ಸಣ್ಣ ನಗರವೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ಪ್ಲೇಗಿನ ಉಪದ್ರವವು ಕಿಕ್ಕಿರಿದ ಕೇರಿಗಳ ದೋಷವನ್ನು ಎಲ್ಲರಿಗೂ ತಿಳಿಯಪಡಿಸಿತು. ೧೯೦೩ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿಯು ಸ್ಥಾಪಿತವಾಯಿತು. ಭಾರತದಲ್ಲಿ ಇಂಥ ಮಂಡಲಿಗಳಲ್ಲಿ ಇದು ಅತಿ ಮೊದಲಿನವುಗಳಲ್ಲಿ ಒಂದು. ಹೊಸ ಬಡಾವಣೆಗಳು, ಅಗಲವಾದ ರಸ್ತೆಗಳು, ಉದ್ಯಾನಗಳು ಇವುಗಳ ಜೊತೆಯಲ್ಲಿ ಸಾಲುಮರಗಳೂ ನಗರರಚನೆಯ ಅಂಗವಾದುವು.

ಬರೋಡೆಯ ಸೇವೆಯಲ್ಲಿದ್ದ ಜರ್ಮನ್ ಸಸ್ಯಶಾಸ್ತ್ರಜ್ಞ ಗುಸ್ತಾವ್ ಹೆರ್ಮನ್ ಕ್ರುಂಬಿಗಲ್ (೧೮೬೫–೧೯೫೬) ೧೯೦೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ೧೯೩೨ರವರೆಗೆ ಕೆಲಸಮಾಡಿದನು. ಒಂದು ಜಾತಿಯ ಮರವು ಹೂಬಿಟ್ಟು ಮುಗಿಯುವ ವೇಳೆಗೆ ಇನ್ನೊಂದು ಬೀದಿಯಲ್ಲಿ ಮತ್ತೊಂದು ಜಾತಿಯು ಹೂಬಿಡುವಂತೆ, ವರ್ಷವೆಲ್ಲವೂ ನಗರದಲ್ಲಿ ಹೂವು ಇರುವಂತೆ ಸಾಲುಗಳನ್ನು ಯೋಜಿಸುವುದು ಅವನ ಕ್ರಮ. ಮಡಗಾಸ್ಕರಿನ ಗುಲ್‌ಮೊಹರ್, ದಕ್ಷಿಣ ಅಮೆರಿಕದ ಮಳೆಮರ, ಜಕರಂಡ ಇವು ಹೊಂಗೆ ಬೇವು ಹುಣಿಸೆಗಳ ಪಕ್ಕದಲ್ಲಿ ನಿಂತುವು. ಪುಷ್ಪ, ಫಲ, ಛಾಯೆ ಎಂಬ ಪ್ರಾಚೀನರ ಮೂರು ಪ್ರಯೋಜನಗಳಲ್ಲಿ ಫಲವು ಹಿಂದೆ ಸರಿದು ಪುಷ್ಪಚ್ಛಾಯೆಗಳು ಮುಂದೆ ಬಂದುವೆಂದು ಇದನ್ನು ವರ್ಣಿಸಬಹುದು.

ಇದೇ ವರ್ಷಗಳಲ್ಲಿ ಇದೇ ನಗರದಲ್ಲಿ ಮತ್ತೊಂದು ಘಟನೆಯು ನಡೆಯಿತು. ೧೮೯೧ರಲ್ಲಿ ಸ್ಥಾಪಿತವಾದ ಸರ್ಕಾರೀ ಪ್ರಾಚ್ಯಕೋಶಾಗಾರಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ತಾಳೆಯ ಗ್ರಂಥದಿಂದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ೧೯೦೯ರಲ್ಲಿ ಪ್ರಕಟಿಸಿದರು. ೧೯೧೫ರಲ್ಲಿ ಇಂಗ್ಲಿಷ್ ಅನುವಾದವು ಪುಸ್ತಕರೂಪದಲ್ಲಿ ಹೊರಬಂದಿತು. ಪುರವೃಕ್ಷದ ಚಿಗುರಿಗೆ ಆರು ಪಣವನ್ನು ವಿಧಿಸಿದ ಗ್ರಂಥವು ಮತ್ತೆ ಬೆಳಕನ್ನು ಕಂಡುದು ಹೊಸ ಸಾಲುಮರಗಳನ್ನು ನೆಡುತ್ತಿದ್ದ ಊರಿನಲ್ಲಿಯೇ ಎಂಬುದು ಸ್ಮರಣಾರ್ಹವಾಗಿದೆ. ಆದರೂ ಒಂದು ಮತ್ತೊಂದಕ್ಕೆ ಕಾರಣವಲ್ಲ. ಮಂಡಲಿಯ ಕಾರ್ಯವು ಪಾಶ್ಚಾತ್ಯ ನಗರಾರೋಗ್ಯಶಾಸ್ತ್ರದಿಂದ ಹುಟ್ಟಿದುದು, ಶಾಸ್ತ್ರಿಗಳ ಕಾರ್ಯವು ಗ್ರಂಥಸಂಶೋಧನೆಯಿಂದ.

ಮಂಡಲಿಯ ವ್ಯವಸ್ಥೆಯಲ್ಲಿ ಹಳೆಯ ಪ್ರಶ್ನೆಯು ಹೊಸ ಆಕಾರವನ್ನು ತಾಳಿತು. ಉತ್ಸರ್ಗದಲ್ಲಿ ಮರಕ್ಕೆ ಒಡೆಯನಿರಲಿಲ್ಲ. ಇಲ್ಲಿ ಸಂಸ್ಥೆಯೇ ಒಡೆಯ. ನೆಡುವುದೂ ಅದೇ, ನೀರೆರೆಯುವುದೂ ಅದೇ, ರಸ್ತೆಯನ್ನು ಅಗಲಿಸಬೇಕೆಂದು ನಿಶ್ಚಯಿಸುವುದೂ ಅದೇ. ನೆಟ್ಟವನೇ ಕಡಿಯುವವನಾದಾಗ ದಂಡವನ್ನು ವಿಧಿಸುವವರಾರು? ಕೌಟಿಲ್ಯನ ದಂಡಗಳೆಲ್ಲವೂ ರಾಜನು ಅಪರಾಧಿಯಾದ ಪ್ರಜೆಗೆ ವಿಧಿಸುವಂಥವು. ರಾಜನೇ ಕೊಡಲಿಯನ್ನು ಎತ್ತಿದರೆ ಅದಕ್ಕೆ ಆ ಅಧ್ಯಾಯದಲ್ಲಿ ಉತ್ತರವಿಲ್ಲ.

೬

ಈ ಕೊರತೆಗೆ ಶಾಸನರೂಪವಾದ ಪ್ರತೀಕಾರವು ಬಂದುದು ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಿಂದ. ಇದರ ಮೇರೆಗೆ ನಗರಪ್ರದೇಶಗಳಿಗೆ ವೃಕ್ಷಪ್ರಾಧಿಕಾರವು ಏರ್ಪಡಬೇಕು. ಇರುವ ಮರಗಳ ಗಣತಿ, ಯಾವ ಸ್ಥಳಕ್ಕೆ ಎಷ್ಟು ಮರ ಎಂಥ ಮರವೆಂಬ ನಿರ್ಣಯ, ಸಸಿಮಡಿಗಳ ವೃದ್ಧಿ ಇವು ಅದರ ಕರ್ತವ್ಯಗಳಲ್ಲಿ ಸೇರಿವೆ. ಅರಣ್ಯ ಇಲಾಖೆಯ ಅಧಿಕಾರಿಯು ವೃಕ್ಷಾಧಿಕಾರಿಯಾಗಿ ನಿಯಮಿತನಾಗುತ್ತಾನೆ. ಅವನ ಪೂರ್ವಾನುಮತಿಯಿಲ್ಲದೆ ಮರವನ್ನು ಕಡಿಯುವಂತಿಲ್ಲ. ತೆಂಗು, ನೀಲಗಿರಿ, ಗಾಳಿ ಮೊದಲಾದ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿಯುಂಟು. ಅನುಮತಿಯನ್ನು ಪಡೆದು ಕಡಿದವನು ಪ್ರತಿಯಾಗಿ ಸಸಿಗಳನ್ನು ನೆಡಲು ಬದ್ಧನಾಗಿರುತ್ತಾನೆ.

ಈ ಕೊನೆಯ ವಿಧಿಯು ವಿಶೇಷವಾಗಿ ವಿಚಾರಾರ್ಹ. ವಿಷ್ಣುಸ್ಮೃತಿಯಲ್ಲಿ ಒಡೆಯನಿಗೆ ಸಲ್ಲುತ್ತಿದ್ದ ಉತ್ಪತ್ತಿಯು ಇಲ್ಲಿ ಮೊದಲಬಾರಿಗೆ ಊರಿಗೆ ಸಲ್ಲುವಂತಾಯಿತು. ಆದರೆ ಸಲ್ಲುವುದು ಸಸಿ, ಕಳೆದುದು ಮರ. ಅರುವತ್ತು ಎಪ್ಪತ್ತು ವರ್ಷಗಳ ನೆರಳಿಗೆ ಮೊಣಕಾಲೆತ್ತರದ ಸಸಿಯು ಪ್ರತಿನಿಧಿಯಾಗಬೇಕಾದರೆ ಅದನ್ನು ಅಷ್ಟೇ ವರ್ಷ ಕಾಯಬೇಕು. ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದದಲ್ಲಿ ಮರದಿಂದ ಮರಕ್ಕೆ ೨೦ ಮೊಳ ಉತ್ತಮ, ೧೬ ಮಧ್ಯಮ, ೧೨ ಕನಿಷ್ಠವೆಂದು ಅಂತರವನ್ನು ಹೇಳಿ, ಬೇಸಗೆಯಲ್ಲಿ ಬೆಳಗ್ಗೆ ಸಂಜೆ, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದಾಗ ನೀರೆರೆಯಬೇಕೆಂದು ವಿಧಿಸಿದ್ದಾನೆ. ಹನ್ನೆರಡು ಮೊಳವೆಂದರೆ ಸುಮಾರು ೧೮ ಅಡಿ. ಕಾಲುದಾರಿಯ ಕಲ್ಲುಹಾಸಿನ ನಡುವಣ ಒಂದು ಚದರಡಿಯ ಕುಳಿಯಲ್ಲಿ ನೆಟ್ಟ ಸಸಿಗೆ ಇವುಗಳಲ್ಲಿ ಯಾವುದೂ ಲಭಿಸುವುದಿಲ್ಲ. ೨೦೧೩ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು ದೆಹಲಿಯ ಮರಗಳ ಬುಡದ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಿಸಬೇಕೆಂದು ಆಜ್ಞೆಮಾಡಬೇಕಾಯಿತು. ಬೇರಿಗೆ ಮಣ್ಣನ್ನು ಉಳಿಸಿಕೊಟ್ಟ ಹಳೆಯ ಕಟ್ಟೆಯ ವಿವೇಕವು ಆಜ್ಞೆಯ ಮೂಲಕ ಮರಳಿ ಬರಬೇಕಾಯಿತೆಂದು ಇದರಿಂದ ತಿಳಿಯುತ್ತದೆ.

ಕಾಯಿದೆಗೆ ಮುಂದೆ ಬಂದ ತಿದ್ದುಪಡಿಯೊಂದರಿಂದ, ಕಡಿಯಬೇಕಾದ ಮರಗಳು ಐವತ್ತಕ್ಕಿಂತ ಹೆಚ್ಚಾದರೆ ವೃಕ್ಷಾಧಿಕಾರಿಯು ಪ್ರಕಟಣೆಯ ಮೂಲಕ ಸಾರ್ವಜನಿಕರ ಆಕ್ಷೇಪಗಳನ್ನು ಕರೆಯಬೇಕೆಂದು ಗೊತ್ತಾಯಿತು. ಸ್ವಾಮ್ಯವಿಲ್ಲದವರಿಗೂ ಉಪಭೋಗದ ಕಾರಣದಿಂದ ಮಾತನಾಡುವ ಹಕ್ಕುಂಟೆಂಬ ತತ್ತ್ವಕ್ಕೆ ಇಲ್ಲಿ ಮನ್ನಣೆ ದೊರೆಯಿತು. ಅದರ ಫಲವನ್ನು ಮೈಸೂರಿನಲ್ಲಿಯೇ ಕಾಣಬಹುದು. ೨೦೨೧ರಲ್ಲಿ ಲಲಿತಮಹಲ್ ಅರಮನೆಯ ಬಳಿ ಹೆಲಿಕಾಪ್ಟರುಗಳ ನಿಲ್ದಾಣಕ್ಕಾಗಿ ನೂರಕ್ಕೂ ಮಿಕ್ಕ ಮರಗಳನ್ನು ಕಡಿಯುವ ಪ್ರಸ್ತಾಪವು ಬಂದಾಗ ನಾಗರಿಕರ ವಿರೋಧವು ಪ್ರಬಲವಾಗಿ, ಯೋಜನೆಯು ನಿಂತಿತು. ೨೦೨೫ರ ಏಪ್ರಿಲ್ ತಿಂಗಳಿನಲ್ಲಿ ಅದೇ ನಗರದ ಹೈದರಾಲಿ ರಸ್ತೆಯಲ್ಲಿ ರಸ್ತೆಯ ವಿಸ್ತರಣಕ್ಕಾಗಿ ೪೦ ಮರಗಳನ್ನು ಕಡಿಯಲಾಯಿತು. ನಾಗರಿಕರ ದುಃಖವೂ ಪ್ರತಿಭಟನೆಯೂ ಕಾಣಿಸಿಕೊಂಡುದು ಮರಗಳು ಉರುಳಿದ ಮೇಲೆ. ನಲವತ್ತು ಐವತ್ತಕ್ಕೆ ಒಳಗಾದ ಸಂಖ್ಯೆ. ಒಂದು ರಸ್ತೆಯ ಸಾಲೆಲ್ಲವೂ ಅಳಿದುಹೋಗುವುದಕ್ಕೆ ಐವತ್ತು ಮರಗಳು ಬೇಕಾಗಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ನಗರದ ಹೊರಗೂ ಇದೇ ಪ್ರಶ್ನೆಯು ತಲೆದೋರಿತು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರು ಪತಿಯೊಡನೆ ಹುಲಿಕಲ್ಲಿಗೂ ಕುದೂರಿಗೂ ನಡುವೆ ನೆಟ್ಟು ನೀರೆರೆದು ಬೆಳಸಿದ ಸುಮಾರು ೩೮೫ ಆಲದ ಮರಗಳು ಪೂರ್ತಧರ್ಮದ ಆಧುನಿಕ ನಿದರ್ಶನ. ಅವರಿಗೆ ಪದ್ಮಶ್ರೀ ಪ್ರಶಸ್ತಿಯು ಬಂದುದು ೨೦೧೯ರಲ್ಲಿ; ಅದೇ ವರ್ಷ ರಸ್ತೆಯ ವಿಸ್ತರಣದಿಂದ ಆ ಸಾಲಿಗೆ ಅಪಾಯವು ಒದಗಿ, ಬೇರೆ ಮಾರ್ಗವನ್ನು ಹುಡುಕುವಂತೆ ಸರ್ಕಾರವು ಸೂಚಿಸಬೇಕಾಯಿತು. ಯಾಜ್ಞವಲ್ಕ್ಯನು ಹೇಳಿದ ವಿಶ್ರುತವೃಕ್ಷವೆಂಬ ಪದಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆಯನ್ನು ಕೊಡಲಾಗದು. ಅವು ಉಳಿದುದು ಹೆಸರಾದುವೆಂಬ ಕಾರಣದಿಂದ. ಹೆಸರಿಲ್ಲದ ಸಾಲುಗಳಿಗೆ ಆ ಭಾಗ್ಯವಿಲ್ಲ.

೭

ಮೇಲಿನ ಪರಿಶೀಲನೆಯಿಂದ ಸಾಧಾರಣವೃಕ್ಷದ ರಕ್ಷಣೆಗೆ ಮೂರು ಅಂಗಗಳು ಬೇಕೆಂದು ನಿರ್ಣಯವಾಗುತ್ತದೆ: ನೆಡುವವನ ಧರ್ಮಬುದ್ಧಿ, ಕಡಿಯುವವನಿಗೆ ದಂಡ, ನಡುವೆ ನಿತ್ಯವಾದ ಪರಿಪಾಲನೆ. ಮೊದಲನೆಯದನ್ನು ಪುರಾಣಗಳೂ ಎರಡನೆಯದನ್ನು ಸ್ಮೃತಿಗಳೂ ಪುಷ್ಕಲವಾಗಿ ನಿರೂಪಿಸಿದುವು. ಮೂರನೆಯದನ್ನು ಊರ ಕಟ್ಟೆಯು ತನ್ನ ಸೀಮೆಯೊಳಗೆ ನಡೆಸಿಕೊಂಡು ಬಂದಿತು. ನಗರವು ಬೆಳೆದಾಗ ಕಟ್ಟೆಯು ಕುಗ್ಗಿತು, ಇಲಾಖೆಯು ಬಂದಿತು. ೧೯೭೬ರ ಕಾಯಿದೆಯು ಪ್ರಾಚೀನರು ಬಿಟ್ಟಿದ್ದ ಎರಡು ಕೊರತೆಗಳನ್ನು, ಎಂದರೆ ಊರಿಗೆ ಪ್ರತಿ ಸಲ್ಲದಿರುವುದನ್ನೂ ಆಳುವವನಿಗೆ ಅಂಕುಶವಿಲ್ಲದಿರುವುದನ್ನೂ, ತಕ್ಕಮಟ್ಟಿಗೆ ತುಂಬಿತು. ಆದರೆ ಪ್ರಾಚೀನರು ತಿಳಿದಿದ್ದ ಒಂದು ವಿಷಯವನ್ನು ಅದರ ಸಂಖ್ಯಾನಿಯಮವು ಕೈಬಿಟ್ಟಿತು. ಅವರು ಮರವನ್ನು ಸ್ಥಳದಿಂದಲೂ ಉಪಭೋಗದಿಂದಲೂ ಅಳೆದರು. ಚೈತ್ಯದ ಒಂದು ಮರಕ್ಕೂ ಎಲ್ಲೆಯ ಒಂದು ಮರಕ್ಕೂ ಅವರ ಲೆಕ್ಕದಲ್ಲಿ ಪ್ರತ್ಯೇಕವಾದ ಸ್ಥಾನವಿದ್ದಿತು. ಐವತ್ತೆಂಬ ಎಣಿಕೆಯ ಮುಂದೆ ಆಸ್ಪತ್ರೆಯ ಬಾಗಿಲಿನ ಒಂಟಿ ಆಲವೂ ಪಾಳುನಿವೇಶನದ ಕುರುಚಲು ಮರವೂ ಒಂದೊಂದೇ.

ಕೊಡುವುದಕ್ಕಿಂತ ಕೊಟ್ಟುದನ್ನು ಪಾಲಿಸುವುದು ಹೆಚ್ಚಿನದೆಂಬ ಅಭಿಪ್ರಾಯವು ಕನ್ನಡನಾಡಿನ ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಅದು ಭೂಮಿಯ ವಿಷಯವಾಗಿ ಹೇಳಿದುದಾದರೂ ಮರಕ್ಕೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಭೂಮಿಯನ್ನು ಅಪಹರಿಸಿದವನಿಂದ ಮರಳಿ ಪಡೆಯಬಹುದು. ಕಡಿದ ಮರವನ್ನು ಯಾವ ರಾಜನೂ ಮರಳಿ ಕೊಡಿಸಲಾರನು.